ದ್ದಾನೆ, ದ್ದಾರೆ

ಕೋಲಾರ, ಡೂಂಲೈಟ್ ಸರ್ಕಲ್ ಹಿಂದಿನ ಪ್ರೆಸ್ಸು. ರಾತ್ರಿ ಹತ್ತೂಕಾಲು.
ಗೋಡೆಗೆ ಅಂಟಿಸಿದ ಹಾಳೆ, ಚಲಪತಿ ಸರ್ ಕೈಬರಹ:
ಟೊಮೆಟೊ ಎಂದೇ ಬರೆಯುವುದು.
ಟಮಾಟ, ಟಮೋಟ, ಟೊಮ್ಯಾಟೋ ತಪ್ಪು.

ಮಂಡಿಯ ಬೋರ್ಡುಗಳಿಗೆ ಇದು ಗೊತ್ತಿಲ್ಲ.
ನಮ್ಮಮ್ಮನ ಸಾರಿಗೂ.

ಸಾದಿಕ್ ಕಳಿಸಿದ ಸುದ್ದಿ, ಮೊದಲ ಸಾಲು:
ಟಮೋಟ ಕ್ರೇಟು ಕುಸಿದು ಅಮಾಲಿ ಪಿಳ್ಳಪ್ಪ (೫೨)
ಅಸ್ಪತ್ರೆ ದಾರಿಯಲ್ಲಿ ಮೃತಪಟ್ಟಿದ್ದಾನೆ.
ಟಮೋಟ ತಿದ್ದಿದೆ. ಆಸ್ಪತ್ರೆಗೆ ದೀರ್ಘ ಕೊಟ್ಟೆ.
ಹಮಾಲಿಯಿಂದ ಉದುರಿದ್ದ ಹಕಾರ
ಎತ್ತಿ ಹೊರಿಸಿದೆ.

ಪಕ್ಕದ ಕಾಲಮ್ಮಿನಲ್ಲಿ
ಮಂಡಿ ಮಾಲೀಕರ ತಾಯಿ ನಿಧನರಾಗಿದ್ದಾರೆ,
ಫೋಟೊ ಸಮೇತ,
ಅಪಾರ ಬಂಧುಬಳಗವನ್ನು ಅಗಲಿದ್ದಾರೆ.
ಪಿಳ್ಳಪ್ಪ ಯಾರನ್ನು ಅಗಲಿದನೋ
ಸಾದಿಕ್ ಕೇಳಿಲ್ಲ.

ಹಾಳೆಯಲ್ಲಿ ಹುಡುಕಿದೆ.
ಯಾರಿಗೆ ನೆ, ಯಾರಿಗೆ ರೆ, ಬರೆದಿರಲಿಲ್ಲ.
ಬರೆಯದೆಯೇ ಎಲ್ಲರಿಗೂ ಬರುತ್ತಿತ್ತು,
ನನಗೂ, ಒಂಬತ್ತು ವರ್ಷದಿಂದ.

ನೆ ಅಳಿಸಿ ರೆ ಹಾಕಿದೆ.
ಸಾಲು ಮುರಿಯಲಿಲ್ಲ.
ಕೆಳಗಿನ ಬೋರ್‌ವೆಲ್ ಜಾಹೀರಾತು
ಒಂದು ಕೂದಲೆಳೆಯೂ ಸರಿಯಲಿಲ್ಲ.

ಬೆಳಿಗ್ಗೆ ಚಲಪತಿ ಸರ್ ಫೋನು, ಬಾಯಲ್ಲಿ ಇಡ್ಲಿ:
"ಏನಮ್ಮಾ ಯಲ್ಲೂಬಾಯಿ,
ಆ ಪಿಳ್ಳಪ್ಪ ನಿಮ್ಮ ಕಡೆಯವನಾ?"

ಹೂಂ ಸರ್, ಅಂದೆ.
ನಮ್ಮ ಕಡೆಯವರು.