ಎಡ ಹೆಗಲಿಗೆ ಎರಡು ನೂಲು ಹೆಚ್ಚು

ಮನಾಮದ ಹಳೆ ಸೂಕಿನಲ್ಲಿ, ಎ.ಸಿ. ನೀರು
ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ನನ್ನ ಅಂಗಡಿ.
ಶುಕ್ರವಾರ ಸಂಜೆ ಮೋನಪ್ಪ ಬಂದ,
ಅಕ್ಕನ ಮಗಳ ಮದುವೆಗೆ ಕೋಟು ಬೇಕಂತೆ.
ಬೆನ್ನಿಗೆ ಟೇಪು ಎಳೆದೆ;
ಒಂದು ಕಡೆ ಅದು ಹತ್ತಿ ಇಳಿಯಿತು.

ಬೆರಳಿಟ್ಟೆ. ಮೆತ್ತಗೆ.
ಒತ್ತಿದರೆ ಜಾರಿ ಪಕ್ಕಕ್ಕೆ ಸರಿಯುತ್ತದೆ,
ಲೈನಿಂಗಿನೊಳಗೆ ಬಿದ್ದುಹೋದ ಗುಂಡಿಯ ಹಾಗೆ.
"ನೋವುಂಟಾ?"
"ಇಲ್ಲ ಮಾರಾಯ, ಅದೇ ಬೇಜಾರು."

ಡಾಕ್ಟರು ಹೇಳಿದರಂತೆ: ಕೊಬ್ಬಿನ ಗಡ್ಡೆ,
ಹೆದರಬೇಡ, ಅದರ ಪಾಡಿಗೆ ಅದಿರುತ್ತದೆ.
ಕೊಬ್ಬು!
ಒಣಗಿದ ಹಗ್ಗದಂಥ ಮೈ ಕುಲುಕಿಸಿ ನಕ್ಕ ಮೋನಪ್ಪ:
"ನಮ್ಮೂರ ಫೋರ್‌ಮನ್ನು ಇಪ್ಪತ್ತು ವರ್ಷ ಬೈದದ್ದು ಇದೇ ಶಬ್ದ.
ಎಲ್ಲಿಟ್ಟುಕೊಂಡಿದ್ದೆನೋ ಗೊತ್ತಿರಲಿಲ್ಲ,
ಈಗ ಸಿಕ್ಕಿತು."

ಹಿದ್ದ್‌ನ ಡ್ರೈಡಾಕಿನಲ್ಲಿ ಮೇಲಿನಿಂದ ಪೈಪು ಬಿದ್ದದ್ದು
ನನಗೂ ಗೊತ್ತು. ಅದೇ ಹೆಗಲು.
ಒಂದು ವಾರ ನೇರಳೆ, ಆಮೇಲೆ ಹಳದಿ,
ಆಮೇಲೆ ಯಾವ ಬಣ್ಣವೂ ಇಲ್ಲ.
ಬರೆಸಿದ್ದರೆ ಗ್ಯಾಂಗಿಗೆಲ್ಲ ಆ ತಿಂಗಳ
ಸೇಫ್ಟಿ ಬೋನಸ್ಸು ಹೋಗುತ್ತಿತ್ತು. ಬರೆಸಲಿಲ್ಲ.

"ಆ ಪೆಟ್ಟಿಗೇ ಆದದ್ದಾ?" ಕೇಳಿದನಂತೆ.
ಡಾಕ್ಟರು ಪೆನ್ನು ತಿರುಗಿಸುತ್ತ ಕೂತರಂತೆ.
ಇರಬಹುದು, ಪೆಟ್ಟು ಬಿದ್ದಲ್ಲೇ ಬೆಳೆದದ್ದನ್ನು ಕಂಡವರಿದ್ದಾರೆ.
ಇಲ್ಲದೆಯೂ ಇರಬಹುದು.
ಮೊದಲೇ ಇತ್ತೋ ಏನೋ, ಪೆಟ್ಟಾದ ಮೇಲೆ
ನೀನು ಅಲ್ಲಿ ಕೈಯಾಡಿಸಿದೆ, ಅಷ್ಟೇ.

ಅವನು ಸುಲೈಮಾನಿ ಊದಿಕೊಳ್ಳುತ್ತಿದ್ದಾಗ
ಹಳೆ ಅಳತೆ ಪುಸ್ತಕ ಕೆಳಗಿಳಿಸಿದೆ,
ಜಿರಲೆ ತಿಂದ ಅಂಚು, ಸೀಸದಕಡ್ಡಿಯ ಸಾಲು.
ಪೈಪಿಗೆ ಮುಂಚಿನ ದೀಪಾವಳಿ: ಎರಡೂ ಹೆಗಲು ಸಮ.
ಮರುವರ್ಷ: ಸಮ.
ಅದರ ಮುಂದಿನ ವರ್ಷ, ನನ್ನದೇ ಅಕ್ಷರ,
ಎಡಕ್ಕೆ ಒಂದು ನೂಲು ಹೆಚ್ಚು.
ಯಾಕೆಂದು ಬರೆದಿಲ್ಲ.
ಬಟ್ಟೆ ಕತ್ತರಿಸುವವನಿಗೆ ಯಾಕೆ ಬೇಕಾಗುವುದಿಲ್ಲ.

ತುಂಬ ಹೊತ್ತು ಆ ಸಾಲಿನ ಮೇಲೆ
ಅವನ ಹೆಬ್ಬೆರಳಿತ್ತು.
"ಇದನ್ನು ಕಂಪೆನಿಗೆ ತೋರಿಸಿದರೆ…" ಅಂದೆ.
"ಯಾವ ಕಂಪೆನಿ? ಬೋರ್ಡೇ ಬದಲಾಗಿ ಆರು ವರ್ಷ."
ಗ್ಲಾಸು ಕೆಳಗಿಟ್ಟ.
"ಕೋಟಿನ ಹೆಗಲಿಗೆ ಹತ್ತಿ ತುಂಬುತ್ತೀಯಲ್ಲ,
ಬಲಕ್ಕೆ ಮಾತ್ರ ತುಂಬು.
ಎಡಕ್ಕೆ ಕಂಪೆನಿಯದ್ದೇ ಉಂಟು."

ನಗಬೇಕಿತ್ತು.
ಪಿನ್ನುಗಳು ಬಾಯಲ್ಲಿದ್ದವು.
ಬಗ್ಗಿ ಬರೆದುಕೊಂಡೆ: ಮೋನಪ್ಪ, ಕೋಟು,
ಎಡಕ್ಕೆ ಎರಡು ನೂಲು. ಪ್ಯಾಡು ಬೇಡ.