ಒಂದಾಣೆ

ಗಂಗೋತ್ರಿಯ ಮೂರನೇ ಮಹಡಿ, ಸಂಜೆ ಏಳು.
ಯಂತ್ರ ಗುಂಯ್ ಅನ್ನುತ್ತಿದೆ.
ಪರದೆಯ ಮೇಲೆ ಎರಡು ಗೆರೆ ಏಳಬೇಕು:
ಒಂದು, ಗಂಟಿನ ಪಕ್ಕದ ಒಳ್ಳೆಯ ಯಕೃತ್ತಿನದು,
ಇನ್ನೊಂದು, ಗಂಟಿನದೇ.
ಮೊದಲನೆಯದು ಇಪ್ಪತ್ತನೇ ಸುತ್ತಿಗೆ ಎದ್ದಿತು,
ಹಾಲಿನವನ ಹಾಗೆ, ಹೊತ್ತಿಗೆ ಸರಿಯಾಗಿ.
ಎರಡನೆಯದಕ್ಕೆ ಕಾದೆ.
ಇಪ್ಪತ್ತೊಂದು. ಇಪ್ಪತ್ತೆರಡು.
ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳೆಲ್ಲ ಮರಕ್ಕೆ ಸೇರಿದವು.
ಇಪ್ಪತ್ನಾಲ್ಕಕ್ಕೆ ತಲೆ ಎತ್ತಿತು,
ಕರೆದರೆಂದು ಎದ್ದು ಕೂತ ರೋಗಿಯಂತೆ.

ಸುತ್ತಿಗೊಮ್ಮೆ ಇಮ್ಮಡಿಯಾಗುವ ಲೆಕ್ಕ ಇದು.
ನಾಲ್ಕು ಸುತ್ತು ತಡವೆಂದರೆ
ಹದಿನಾರರಲ್ಲಿ ಒಂದು ಪಾಲು ಉಳಿದಿದೆ.
ಬರೆದುಕೊಂಡೆ: ಮೈಕ್ರೋ ಆರ್‌ಎನ್‌ಎ ನೂರಿಪ್ಪತ್ತೆರಡು,
ಮಾದರಿ ನಲವತ್ತೇಳು, ಇಳಿಕೆ ಹದಿನಾರು ಪಟ್ಟು.
ಅವರಿದ್ದಿದ್ದರೆ
ರೂಪಾಯ್ಗೆ ಒಂದಾಣೆ ಅನ್ನು, ಸಾಕು, ಅನ್ನುತ್ತಿದ್ದರು.

ಮಾದರಿಗೆ ಹೆಸರಿರಬಾರದು, ಅದು ನಿಯಮ.
ಆದರೆ ಒಪ್ಪಿಗೆ ಪತ್ರ ಹಿಡಿದು
ದೊಡ್ಡಾಸ್ಪತ್ರೆಯ ವಾರ್ಡಿಗೆ ಹೋದವಳು ನಾನೇ.
ಬೋರಲಿಂಗಯ್ಯ. ಕೆರಗೋಡಿನಾಚೆಯ ಊರು.
ನಾಲೆಯ ಬಾಲದ ಕಡೆ ಮೂವತ್ತೆರಡು ವರ್ಷ ನೀರುಗಂಟಿ.
"ಹೆಸರೇನವ್ವ?"
"ನೂರ್‌ಜಬೀನ್."
"ನೂರವ್ವ," ಅಂದರು. ಅಲ್ಲಿಗೆ ಮುಗಿಯಿತು.

ನಮೂನೆಯಲ್ಲಿತ್ತು, ಕೇಳಿದೆ: ಕುಡಿಯುತ್ತೀರಾ?
ಹೆಂಡತಿ ಮುಖ ಆಚೆ ತಿರುಗಿಸಿದರು.
"ಹನ್ನೊಂದ್ನೇ ಸಲ ಈ ಪ್ರಶ್ನೆ.
ನಾಲೆ ನೀರು ಕುಡ್ದಿವ್ನಿ. ಬರ್ಕೊ."
ರಕ್ತದಲ್ಲಿ ಇದ್ದದ್ದು ಹೆಪಟೈಟಿಸ್ ಬಿ.
ಯಾವ ಕಾಲದ ಸೂಜಿಯೋ, ಯಾರ ಗಡ್ಡ ಕೆರೆದ ಬ್ಲೇಡೋ.
ಊರು ಮಾತ್ರ ಬಾಟಲಿಯನ್ನೇ ಹುಡುಕಿತ್ತು.

"ನನ್ನ ಚೂರಲ್ಲಿ ಏನು ನೋಡ್ತೀಯ?"
ನೂರು ಪುಟ ಬರೆದವಳಿಗೆ ಒಂದು ವಾಕ್ಯ ಬರಲಿಲ್ಲ.
ಅವರ ಕೆಲಸವನ್ನೇ ಸಾಲ ಪಡೆದೆ.
ಜೀವಕೋಶದೊಳಗೆ ಅಪ್ಪಣೆಗಳು ಹರೀತಿರ್ತವೆ ಅಯ್ಯ:
ಬೆಳೆ, ಒಡೆ, ನಿಲ್ಲು.
ಇಪ್ಪತ್ತೆರಡೇ ಅಕ್ಷರದ ಪುಟ್ಟವನೊಬ್ಬ,
ತಾನು ಏನನ್ನೂ ಬೆಳೆಯುವವನಲ್ಲ,
ಯಾವುದು ಎಷ್ಟು ಹರಿಯಬೇಕೆಂದು ತೂಬು ಹಿಡಿದು ಕೂತಿರ್ತಾನೆ.
ಗಂಟು ಎದ್ದ ಕಡೆ ಅವನು ಕಾಣೆ.
"ಅವ್ನಿಲ್ದೆ ನೀರು ನಿಂತೋಯ್ತು ಅಂತೀಯ?"
ಹೂಂ ಅನ್ನಲು ಹೊರಟಿದ್ದೆ.
"ತಪ್ಪು. ನೀರುಗಂಟಿ ಇಲ್ದಿದ್ರೆ ನೀರು ನಿಲ್ಲಕಿಲ್ಲ ಕಣವ್ವ.
ಮೇಲ್ಗದ್ದೆಯೋನು ರಾತ್ರೋರಾತ್ರಿ ಬದು ಒಡೀತಾನೆ.
ಅವನ ಭತ್ತ ಎದೆಮಟ್ಟ. ಕೊನೇ ಗದ್ದೆ ಬಾಯ್ಬಿಡ್ತದೆ.
ರಸ್ತೇಲಿ ಹೋಗೋರಿಗೆ ಊರೆಲ್ಲ ಹಸಿರು."
ಪಾಠ ಹೇಳಲು ಹೋದವಳು
ಬರೆದುಕೊಂಡು ಬಂದೆ.

ಇನ್ನೊಬ್ಬನಿದ್ದಾನೆ, ಅವನ ಸಂಖ್ಯೆ ಇಪ್ಪತ್ತೊಂದು.
ಗಂಟಿನಲ್ಲಿ ಅವನದೇ ದರ್ಬಾರು,
ತಡೆಯುವ ಅಪ್ಪಣೆಗಳನ್ನೇ ತಡೆಯುತ್ತಾನೆ.
ಅವನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ
ಊರಲ್ಲೇ ಒಬ್ಬನ ಹೆಸರು ಹೇಳಿಬಿಡುತ್ತಿದ್ದರು.

"ಹಂಗಾರೆ ಹೊಸಬುನ್ನ ತಂದು ಕೂರ್ಸಿ."
ಕೂರಿಸಿ ನೋಡಿದ್ದಾರೆ, ದೂರದ ದೇಶದಲ್ಲಿ,
ಇವನ ದಾಯಾದಿಯೊಬ್ಬನನ್ನು.
ಮೈ ಒಪ್ಪಲಿಲ್ಲ. ನಿಲ್ಲಿಸಿದರು.
"ನೋಡೋಣ ಅಯ್ಯ," ಅಂದೆ.
ಆ ಮಾತಿಗೆ ಇವತ್ತಿಗೂ ನಾಚುತ್ತೇನೆ.

ಪತ್ರದ ಆರನೇ ಸಾಲು ಓದಲೇಬೇಕಿತ್ತು:
ಈ ಅಧ್ಯಯನದಿಂದ ತಮಗೆ ನೇರ ಪ್ರಯೋಜನವಿರುವುದಿಲ್ಲ.
"ತಮಗೆ" ಅನ್ನುವಲ್ಲಿ ನಾಲಿಗೆ ಎಡವಿತು.
ಅವರು ಕೈ ಚಾಚಿ ಪೆನ್ನು ತಗೊಂಡರು.
ಕಣ್ಣಿನ ಬಿಳಿ, ಉಗುರು, ಎಲ್ಲ ಅರಿಶಿನ.
"ಕೊನೇ ಗದ್ದೆಗೆ ನೀರು ಮುಟ್ಟೋ ಹೊತ್ಗೆ
ತೂಬೆತ್ತಿದೋನು ಮನೇಲಿ ಮಲಗಿರ್ತಾನೆ.
ರುಜು ಎಲ್ಲಿ?"

ಯಂತ್ರ ನಿಂತಿದೆ.
ಉಳಿದ ಚೂರು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ,
ರುಜು ನನ್ನ ಕಪಾಟಿನಲ್ಲಿ.
ಕರೆಂಟು ಹೋದರೆ ಮೊದಲು ಓಡುವುದು ಆ ಫ್ರೀಜರಿನ ಕಡೆಗೆ.
ಮೂರು ಸಲ ಹೀಗೇ ಬಂದರೆ ಮಾತ್ರ ನಂಬು
ಅನ್ನುತ್ತಾರೆ ಗೈಡು.
ಹದಿನಾರಾಣೆ ಸತ್ಯ ಬೇಕು ಎಲ್ಲರಿಗೂ.
ನನ್ನ ಹತ್ತಿರ ಸದ್ಯಕ್ಕೆ ಒಂದಾಣೆ ಇದೆ.
ಅದನ್ನೂ, ನಿಯಮ ಮೀರಿ,
ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.