ಈ ತಿಂಗಳ ಗುರುತಿನ ಮಾತು

ನಾಲ್ಕನೆಯ ಭಾನುವಾರ ಪಿಸುರ್ಲೆಯಲ್ಲಿ
ಟಿಪ್ಪರುಗಳು ಮಲಗಿರುತ್ತವೆ, ಕೆಂಪು ಧೂಳೂ.
ತಗಡಿನ ಹಾಲಿನ ಮುಂದಿನ ಅರ್ಧ ದೊಡ್ಡವರದು:
ಚೀಟಿ ಹಣ, ಆಸ್ಪತ್ರೆ ನಿಧಿ, ಮಾತಿನ ಮೇಲೆ ಮಾತು.
ಹಿಂದಿನ ಅರ್ಧ, ಹಳೇ ಸೀರೆಯ ಪರದೆಯಾಚೆ,
ಕುಟುಂಬ ಸಂಘದ ಮಕ್ಕಳ ಶಾಖೆ. ಅದಕ್ಕೆ ಬಾಗಿಲೂ ಬೇರೆ.

ಅಧ್ಯಕ್ಷೆ ನೀಲಗಂಗಾ, ಐದನೇ ಇಯತ್ತೆ.
ಖಜಾಂಚಿ ರಾಜೇಸಾಬ. ಡಬ್ಬಿಯಲ್ಲಿ ನಲವತ್ತೊಂದು ರೂಪಾಯಿ
ಮತ್ತು ಒಂದು ಹರಿದ ನೋಟು;
ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ
ಎಂಬುದು ಮೂರು ಸಭೆಗಳಿಂದ ಬಾಕಿ.
ನಡಾವಳಿ ಬರೆಯುವವಳು ನಾನು,
ಅವರ ಅಕ್ಷರ ಇನ್ನೂ ಎರಡು ಗೆರೆಯ ನಡುವೆ ನಿಲ್ಲದು.

ಬಾಗಿಲಿಗೆ ಮೈಲಾರಿ, ಬಣ್ಣ ಬಳಿದ ಕೋಲು ಹಿಡಿದು.
ತಿಂಗಳಿಗೊಂದು ಗುರುತಿನ ಮಾತು, ಒಂದು ಕಾಳಿನ ಹೆಸರು.
ಹೋದ ಸಲ ಗುರೆಳ್ಳು. ಈ ಸಲ ಮಡಿಕೆ.
ಇಲ್ಲೇ ಹುಟ್ಟಿದ ಮಕ್ಕಳು, ಮಡಿಕೆಯ ಹೊಲ ಕಂಡವರಲ್ಲ,
ಅವನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಾರೆ
ಕಳ್ಳಮಾಲು ದಾಟಿಸಿದ ಹಾಗೆ.

ಸಾಲೆಯಲ್ಲಿ ಅವನ ಹೆಸರು ಘಾಂಟಿ.
ಹಾಜರಿ ಕೂಗುವಾಗಷ್ಟೇ ಮೈಲಾರಿ.
ಇಲ್ಲಿ ಅವನು ಸರಿದರೆ ಮಾತ್ರ ಒಳಗೆ ದಾರಿ.

ಮಿರ್ಗಕ್ಕೆ ಎಂಟು ದಿನವಿತ್ತು.
ಹಾಲು ಹಾಕುವ ಗಾವಸರ ಮನೆಯ ಸಾಂವಳಿ ಬಂದಳು,
ಅವನದೇ ವರ್ಗದವಳು, ಮುಷ್ಟಿ ಬಿಗಿ ಹಿಡಿದು.
"ಹಾಂವ್ ಯೇಂವ್?"
"ಮಾತು?"
"ಕಿತೆಂ?"
"ಮಾತು ಹೇಳು."
ಪರದೆಯ ತೂತಿನಿಂದ ನೋಡಿದೆ: ಅವನ ಬೆನ್ನು
ಎಂದೂ ಅಷ್ಟು ನೆಟ್ಟಗೆ ನಿಂತದ್ದಿಲ್ಲ.
ಅದನ್ನು ನಾನು ಬರೆಯಲಿಲ್ಲ.

ನಿಯಮ ಏಳು: ಬಾಗಿಲವ ಸುದ್ದಿ ತರಬೇಕು,
ತೀರ್ಪು ಕೊಡಬಾರದು. ಕದ ಎಳೆದು ಒಳಗೆ ಬಂದ,
ಕೋಲು ಮೂರು ಸಲ ಕುಟ್ಟಿದ.
"ಹೊರಗ ಒಬ್ಬಾಕಿ ಅದಾಳ್ರಿ. ಮಾತಿಲ್ಲ."
"ಮೂಕಿ ಏನು?" ಎಲ್ಲರಿಗಿಂತ ಸಣ್ಣಾಕಿ ದ್ಯಾವಿ ಕೇಳಿದಳು.
ಚರ್ಚೆ ಎದ್ದಿತು, ಕೂತಿತು, ಮತ್ತೆ ಎದ್ದಿತು.
ಪರ ಒಂಬತ್ತು. ವಿರೋಧ ಒಂದು,
ಫಕೀರೇಶನದು, ಮಂಡಕ್ಕಿ ಕಮ್ಮಿ ಬೀಳತೈತಿ ಅಂತ.
ಕೋಲು ಹಿಡಿದವರಿಗೆ ಮತವಿಲ್ಲ.

ಕದ ತೆಗೆದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ.
ಆರು ಬೀಜ, ಸಾಲಾಗಿ,
ಅಂಗೈ ಬೆವರಿಗೆ ಇನ್ನೂ ಹಸಿ.
ಕಲ್ಲೇನೋ ಅಂದರು ನಮ್ಮ ಮಕ್ಕಳು,
ಮೊಟ್ಟೆ ಅಂದಳು ದ್ಯಾವಿ.
ಹಲಸಿನವು. ನಾನು ಬಾಯಿ ತೆರೆಯುವ ಮೊದಲೇ
ಮೈಲಾರಿ ಹೇಳಿದ, ಸಾಲೆಯಲ್ಲಿ ಕೇಳಿದ ಮಾತು,
ಮೆಲ್ಲಗೆ: ಭಿಕ್ಣಾಂ.

ನಡಾವಳಿ ಪುಟ ಮೂವತ್ತೆರಡು.
ಮುಂದಿನ ತಿಂಗಳ ಗುರುತಿನ ಮಾತು ಭಿಕ್ಣಾಂ.
ಸೂಚಿಸಿದವರು ಮೈಲಾರಿ,
ಕೋಲು ಕೆಳಗಿಟ್ಟು.

ಈಗ ಮೂರು ತಿಂಗಳು. ಮಾತು ಬದಲಾಗಿಲ್ಲ.
ಗುರುತಿನ ಮಾತು ಹೊರಗೆ ಕೇಳಬಾರದು,
ಅದು ನಿಯಮ ಒಂದು.
ಅವನು ಬಾಗಿಲಿಗೆ ಬೆನ್ನು ಹಾಕಿ ರಸ್ತೆಗೆ ಮುಖ ಮಾಡಿ
ಕೂಗುತ್ತಾನೆ: ಭಿಕ್ಣಾಂ! ಭಿಕ್ಣಾಂ!
ಸೈಕಲ್ಲಿನ ಪಾವಿನವನು
ತನಗೊಬ್ಬ ಪ್ರತಿಸ್ಪರ್ಧಿ ಹುಟ್ಟಿದನೇ ಎಂದು ತಿರುಗಿ ನೋಡುತ್ತಾನೆ.
ನಾನು ಬರೆಯುತ್ತೇನೆ: ಬಾಗಿಲು ಭದ್ರ.
ನಿಯಮಗಳ ಪಾಲನೆ ಆಗಿದೆ.

ಪ್ರತಿ ಸಲ ಒಂದು ಪಾಲು ಮಂಡಕ್ಕಿ ಎತ್ತಿಡುತ್ತಾರೆ.
ಸಭೆ ಮುಗಿದ ಮೇಲೆ ಫಕೀರೇಶ ಅದನ್ನು ತಿನ್ನುತ್ತಾನೆ,
ತನ್ನ ವಿರೋಧ ಹಿಂದೆಗೆದುಕೊಳ್ಳದೆಯೇ.